ಬೆರೆಯದ ಪ್ಲಾಸ್ಟಿಕ್ಕುಗಳ ಮಿಶ್ರಣವೂ ಅದರ ಬಲವೂ

ಹನಿ ನೀರಾವರಿಯ ಕೊಳವೆ, ಪಾತಿಗಳಿಗೆ ಹೊದಿಸುವ ಹಾಳೆ, ಗೊಬ್ಬರದ ಚೀಲ ಮೊದಲಾದ ರೂಪಗಳಲ್ಲಿ ಪ್ಲಾಸ್ಟಿಕ್ಕು ಈಗ ಜಮೀನುಗಳಲ್ಲಿ ಹೇರಳವಾಗಿ ಬಳಕೆಯಲ್ಲಿದೆ. ಹಳೆಯದಾದ ಇವೆಲ್ಲವನ್ನೂ ಒಟ್ಟಿಗೆ ಕರಗಿಸಿ ಹೊಸ ಸಾಮಾನು ಮಾಡಿದಲ್ಲಿ ಅದು ಬೇಗನೆ ಬಿರಿದುಹೋಗುವುದು. ಇದರ ಕಾರಣವನ್ನೂ ಪರಿಹಾರವನ್ನೂ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಲಾಭಕರವು.

ಕಾರಣ.— ಪ್ಲಾಸ್ಟಿಕ್ಕೆಂಬುದು ಒಂದೇ ಪದಾರ್ಥವಲ್ಲ. ಹನಿ ಕೊಳವೆಯೂ ಹೊದಿಕೆಯ ಹಾಳೆಯೂ ಸಾಮಾನ್ಯವಾಗಿ ಪಾಲಿಎಥಿಲೀನಿನಿಂದಾದವು. ಅನೇಕ ಗೊಬ್ಬರ ಚೀಲಗಳ ನೇಯ್ಗೆಯು ಪಾಲಿಪ್ರೊಪಿಲೀನಿನದು. ಇವೆರಡರ ಅಣುಗಳೂ ಸಾವಿರಾರು ಕೊಂಡಿಗಳುಳ್ಳ ಉದ್ದವಾದ ಸರಪಣಿಗಳು. ಕೊಂಡಿಗೊಂದರಂತೆ ಇರುವ ಅತ್ಯಲ್ಪ ಹೊಂದಾಣಿಕೆಯ ಕೊರತೆಯು ಸರಪಣಿಯುದ್ದಕ್ಕೂ ಕೂಡಿ ದೊಡ್ಡದಾಗುವುದರಿಂದ, ಕರಗಿಸಿದರೂ ಇವು ಬೆರೆಯುವುದಿಲ್ಲ. ಒಂದು ಮತ್ತೊಂದರೊಳಗೆ ಹನಿಹನಿಯಾಗಿ ನಿಂತು ಹಾಗೆಯೇ ಗಟ್ಟಿಯಾಗುವುದು. ಜೇಡಿಮಣ್ಣಿನಲ್ಲಿ ಹುದುಗಿದ ನುಣುಪಾದ ಕಲ್ಲುಗಳು ಹೇಗೆ ಸುಲಭವಾಗಿ ಕಿತ್ತುಬರುವುವೋ, ಎಳೆತ ಬಿದ್ದೊಡನೆ ಈ ಹನಿಗಳೂ ಹಾಗೆಯೇ ಅಂಚಿನಲ್ಲಿ ಬಿಟ್ಟುಕೊಳ್ಳುವುವು.

ಪರಿಹಾರ.— ಬೇವಿನ ಎಣ್ಣೆಯನ್ನು ನೀರಿನೊಡನೆ ಸಿಂಪಡಿಸುವಾಗ ಸಾಬೂನನ್ನು ಸೇರಿಸುವುದು ರೈತರಿಗೆ ತಿಳಿದೇ ಇದೆ. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದು. ಇದೇ ರೀತಿಯಾಗಿ, ಒಂದು ಭಾಗ ಪಾಲಿಎಥಿಲೀನೂ ಮತ್ತೊಂದು ಭಾಗ ಪಾಲಿಪ್ರೊಪಿಲೀನೂ ಆಗಿರುವ ಅಣುವನ್ನು ಸೇರಿಸಿದರೆ ಅದು ಎರಡರ ಅಂಚಿನಲ್ಲಿ ನೆಲೆಸುವುದು. ಆಗ ಹನಿಗಳು ಸಣ್ಣವಾಗುವುವು, ಒಂದನ್ನೊಂದು ಕೂಡಿ ಬೆಳೆಯವು, ಅಂಚೂ ಬಿಗಿಯಾಗುವುದು. ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಇಂತಹ ಪದಾರ್ಥವನ್ನು 2017ರಲ್ಲಿ ಪ್ರಕಟಿಸಿದರು. ನೂರಕ್ಕೆ 1 ಭಾಗದಷ್ಟು ಸೇರಿಸಿದ ಮಾತ್ರಕ್ಕೆ, ಬೇಗನೆ ಮುರಿಯುತ್ತಿದ್ದ ಮಿಶ್ರಣವು ಎಳೆತವನ್ನು ಚೆನ್ನಾಗಿ ತಾಳುವಂತಾಯಿತು.

ಆದರೆ ಈ ಬೆಸುಗೆಯ ಪದಾರ್ಥವು ಸರ್ವರೋಗಕ್ಕೂ ಮದ್ದಲ್ಲ. ಒಂದು ಜೋಡಿಗೆ ಒಪ್ಪುವುದು ಬೇರೆ ಜೋಡಿಗೆ ಒಪ್ಪದು. ಅದರ ವೆಚ್ಚವೂ ಉಂಟು. ಪಿ.ವಿ.ಸಿ. ಸೇರಿದ್ದರಂತೂ ಅದು ಹೆಚ್ಚು ಕಾವಿನಲ್ಲಿ ಒಡೆದು ಆಮ್ಲದ ಹೊಗೆಯನ್ನು ಬಿಟ್ಟು ಮಿಕ್ಕ ಮಾಲನ್ನೂ ಕೆಡಿಸುವುದು. ಆದುದರಿಂದ ಬೇರ್ಪಡಿಸುವುದೇ ಮೊದಲನೆಯ ಉಪಾಯ.

ಮಾಡತಕ್ಕ ಕೆಲಸಗಳು.—

1. ಕೊಳವೆ, ಹಾಳೆ, ಚೀಲಗಳನ್ನು ಜಮೀನಿನಲ್ಲಿಯೇ ಬೇರೆಬೇರೆಯಾಗಿ ಕಟ್ಟಿ, ಮಣ್ಣನ್ನು ತೊಳೆದು ಒಣಗಿಸಿಡತಕ್ಕದ್ದು.

2. ತ್ರಿಕೋನದೊಳಗೆ ಅಂಕಿಯಿದ್ದರೆ ಗಮನಿಸಬೇಕು: 2 ಮತ್ತು 4 ಪಾಲಿಎಥಿಲೀನು, 5 ಪಾಲಿಪ್ರೊಪಿಲೀನು, 3 ಪಿ.ವಿ.ಸಿ.

3. ಅಂಕಿಯಿಲ್ಲದ ಕೊಳವೆಯ ಸಣ್ಣ ಚೂರನ್ನು ನೀರಿಗೆ ಹಾಕಿ ನೋಡಬಹುದು. ಪಿ.ವಿ.ಸಿ. ಮುಳುಗುವುದು, ಪಾಲಿಎಥಿಲೀನು ಸಾಮಾನ್ಯವಾಗಿ ತೇಲುವುದು.

4. ಕೀಟನಾಶಕದ ಡಬ್ಬಿಗಳನ್ನು ಇವುಗಳೊಡನೆ ಎಂದಿಗೂ ಸೇರಿಸಕೂಡದು. ಯಾವ ಪ್ಲಾಸ್ಟಿಕ್ಕನ್ನೂ ಸುಡಕೂಡದು.

ಗ್ರಾಮದ ಮುಖಂಡರು ಒಂದು ನೆರಳಿನ ಸ್ಥಳವನ್ನು ಗೊತ್ತುಮಾಡಿ, ಜಾತಿವಾರು ಶೇಖರಿಸುವ ಏರ್ಪಾಡು ಮಾಡಿದರೆ, ಹೊಲದ ಮಣ್ಣಿಗೆ ಸೇರಿ ಹಾನಿಮಾಡುವ ವಸ್ತುವೇ ಪುನಃ ಬಾಳಿಕೆಯ ಸಾಮಾನಾಗಿ ಒದಗುವುದು.