ಮಿದುಳಿನ ನಕ್ಷೆ

ಮಾನವನ ಮಿದುಳಿನಲ್ಲಿ ಕೋಟ್ಯನುಕೋಟಿ ನರಕೋಶಗಳಿವೆ. ಅವು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಈ ಸಂಕೇತಗಳು ಕ್ರಮತಪ್ಪಿ ಒಮ್ಮೆಲೇ ಹೊಮ್ಮಿದಾಗ ಅಪಸ್ಮಾರದ ಸೆಳವು ಉಂಟಾಗುತ್ತದೆ. ಇದು ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ. ಬಹುಮಂದಿ ರೋಗಿಗಳಿಗೆ ಔಷಧಿಯಿಂದಲೇ ಸೆಳವು ಹತೋಟಿಗೆ ಬರುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಔಷಧಿ ಸಾಲದಾಗುತ್ತದೆ. ಅಂಥವರಲ್ಲಿ ಕೆಲವರಿಗೆ ಸೆಳವು ಹುಟ್ಟುವ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಗುಣ ಕಾಣುವುದುಂಟು.

ಆದರೆ ಮಾತು, ನೆನಪು, ಚಲನೆ ಎಲ್ಲಕ್ಕೂ ಮಿದುಳೇ ನೆಲೆ. ಆದುದರಿಂದ ವೈದ್ಯನು ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳಬೇಕು. ಸೆಳವು ಹುಟ್ಟುವುದು ಎಲ್ಲಿ? ಆ ಭಾಗವನ್ನು ತೆಗೆದರೆ ಆಗುವ ನಷ್ಟವೇನು?

ಎರಡನೆಯ ಪ್ರಶ್ನೆಯ ಗುರುತ್ವವನ್ನು ಜಗತ್ತು ಅರಿತುದು ಒಬ್ಬ ತರುಣನ ಬಾಳಿನಿಂದ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ, 27 ವರ್ಷದ ಹೆನ್ರಿ ಮೊಲೈಸನ್ ಎಂಬಾತನಿಗೆ ವಿಲಿಯಂ ಸ್ಕೋವಿಲ್ ಎಂಬ ವೈದ್ಯನು ಶಸ್ತ್ರಚಿಕಿತ್ಸೆ ಮಾಡಿದನು. ಮಿದುಳಿನ ಎರಡೂ ಪಾರ್ಶ್ವಗಳಲ್ಲಿ, ಕಣತಲೆಯ ಒಳಗಿರುವ ಹಿಪ್ಪೋಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನು ತೆಗೆದುಹಾಕಿದನು. ಸೆಳವು ಕಡಿಮೆಯಾಯಿತು, ಆದರೆ ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿಯೇ ನಷ್ಟವಾಯಿತು. ತುಸು ಮೊದಲು ಮಾತನಾಡಿಸಿದವರೂ ಆತನಿಗೆ ಅಪರಿಚಿತರಾದರು. 2008ರಲ್ಲಿ ತೀರಿಕೊಳ್ಳುವವರೆಗೂ ಆತನ ಸ್ಥಿತಿ ಹಾಗೆಯೇ ಇತ್ತು.

ಜೀವಂತ ಮಿದುಳನ್ನು ಸ್ಪಷ್ಟವಾಗಿ ತೋರಿಸುವ ಸಾಧನ ಆಗ ಇರಲಿಲ್ಲ. 1971ರಲ್ಲಿ ಸಿ.ಟಿ. ಯಂತ್ರವೂ 1980ರ ದಶಕದಲ್ಲಿ ಎಂ.ಆರ್.ಐ. ಯಂತ್ರವೂ ಬಳಕೆಗೆ ಬಂದವು. ಎಂ.ಆರ್.ಐ. ಬಲವಾದ ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳಿಂದ ಚಿತ್ರ ರಚಿಸುತ್ತದೆ. ಕುಗ್ಗಿದ ಹಿಪ್ಪೋಕ್ಯಾಂಪಸ್, ಹಳೆಯ ಗಾಯದ ಕಲೆ, ಸಣ್ಣ ಗಡ್ಡೆ ಇವೆಲ್ಲ ಅದರಲ್ಲಿ ಕಾಣುತ್ತವೆ. ಪೆಟ್ ಎಂಬ ಪರೀಕ್ಷೆಯು, ಸೆಳವು ಇಲ್ಲದ ವೇಳೆಯಲ್ಲಿ ಸಕ್ಕರೆಯನ್ನು ಕಡಿಮೆ ಬಳಸುವ ಭಾಗವನ್ನು ತೋರಿಸುತ್ತದೆ. ಸೆಳವಿನ ಮೂಲ ಅನೇಕವೇಳೆ ಅಲ್ಲಿಯೇ ಇರುತ್ತದೆ. ರೋಗಿಯು ಪದಗಳನ್ನು ಸ್ಮರಿಸುತ್ತಿರುವಾಗ ರಕ್ತಪ್ರವಾಹ ಹೆಚ್ಚುವ ಸ್ಥಳವನ್ನು ಗುರುತಿಸಿ ಮಾತಿನ ನೆಲೆಯನ್ನು ತಿಳಿಸುವ ವಿಧಾನವೂ ಉಂಟು.

ಹಾಗೆಂದು ಚಿತ್ರವೊಂದೇ ಸಾಲದು. ಕಂಡ ಕಲೆಯೆಲ್ಲ ಸೆಳವಿನ ಮೂಲವಾಗಿರಬೇಕೆಂದಿಲ್ಲ. ಆದ್ದರಿಂದ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಇ.ಇ.ಜಿ., ಸೆಳವಿನ ಲಕ್ಷಣ, ನೆನಪಿನ ಪರೀಕ್ಷೆ ಇವೆಲ್ಲವನ್ನೂ ಚಿತ್ರದೊಡನೆ ಹೋಲಿಸಿ ನೋಡುತ್ತಾರೆ. ಸಾಕ್ಷ್ಯಗಳು ಹೊಂದದಿದ್ದರೆ ಇನ್ನಷ್ಟು ಪರೀಕ್ಷಿಸುತ್ತಾರೆ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಂಥ ಚಿಕಿತ್ಸೆ ನಡೆಯುತ್ತದೆ.

ಮೊಲೈಸನ್ ದಶಕಗಳ ಕಾಲ ವಿಜ್ಞಾನಿಗಳ ಪರೀಕ್ಷೆಗಳಿಗೆ ಸಹಕರಿಸಿದನು. ಆತನ ನಷ್ಟದಿಂದ ವೈದ್ಯಲೋಕ ಕಲಿತ ಪಾಠವೇ ಇಂದು ಅನೇಕರ ನೆನಪನ್ನು ಕಾಯುತ್ತಿದೆ. ತೆಗೆಯಬೇಕಾದುದನ್ನು ಅರಿಯುವಷ್ಟೇ, ಉಳಿಸಬೇಕಾದುದನ್ನು ಅರಿಯುವುದೂ ವೈದ್ಯನ ಧರ್ಮ.