ಮಗುವಿನ ಮೂಳೆ ನೋವು: ಯಾವಾಗ ಎಕ್ಸ್‌ರೇ, ಯಾವಾಗ ಸ್ಕ್ಯಾನ್?

ಬೇಸಿಗೆ ರಜೆ ಬಂತೆಂದರೆ ಹಳ್ಳಿಯ ಮಕ್ಕಳು ಮಾವು, ಸೀಬೆ ಮರಗಳಿಂದ ಇಳಿಯುವುದೇ ಇಲ್ಲ. ಕಾಲು ಜಾರಿ ಬಿದ್ದಾಗ ಅಂಗೈ ಊರುತ್ತಾರೆ. ಆಗ ಮೊಣಕೈಗೆ ತುಸು ಮೇಲೆ ತೋಳಿನ ಮೂಳೆ ಮುರಿಯುತ್ತದೆ. ಐದರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ಮುರಿತ ಬಹಳ ಸಾಮಾನ್ಯ. ನಂಜನಗೂಡು, ತಿ. ನರಸೀಪುರದ ಸುತ್ತಲಿನ ಅನೇಕ ಮನೆಗಳಲ್ಲಿ ಇಂದಿಗೂ ಹೊಳೆಯುವ ಮೊದಲ ಯೋಚನೆ, ನಾಟಿ ವೈದ್ಯರ ಬಳಿ ದಬ್ಬೆ ಕಟ್ಟಿಸುವುದು. ಸಣ್ಣಪುಟ್ಟ ಉಳುಕಿಗೆ ಅದರಿಂದ ಅಂಥ ಕೇಡಾಗದಿರಬಹುದು. ಆದರೆ ಮಕ್ಕಳ ಮೊಣಕೈಗೆ ಮಾತ್ರ ಬೇಡ.

ಏಕೆಂದರೆ ಮುಂಗೈಗೆ ರಕ್ತ ಒಯ್ಯುವ ಮುಖ್ಯ ಅಪಧಮನಿ ಆ ಮುರಿತದ ಮುಂದೆಯೇ ಹಾದುಹೋಗುತ್ತದೆ. ಮುರಿದ ಮೂಳೆಯ ಚೂಪಾದ ಅಂಚು ಅದನ್ನು ಒತ್ತಬಹುದು, ಹರಿಯಲೂಬಹುದು. ಜೊತೆಗೆ ಒಳಗಿನಿಂದ ಬಾವು ಏರುತ್ತಿರುವಾಗ ಹೊರಗಿನಿಂದ ಬಿಗಿಯಾಗಿ ಬಟ್ಟೆ ಸುತ್ತಿದರೆ ಸ್ನಾಯುಗಳಿಗೆ ರಕ್ತವೇ ತಲುಪುವುದಿಲ್ಲ. ರಕ್ತ ಕಾಣದ ಸ್ನಾಯು ಸುಮಾರು ಆರು ಗಂಟೆಗಳಲ್ಲಿ ಸಾಯತೊಡಗುತ್ತದೆ. ಮುಂದೆ ಬೆರಳುಗಳು ಒಳಕ್ಕೆ ಮಡಚಿಕೊಂಡು, ಕೈ ಹಕ್ಕಿಯ ಪಂಜದಂತಾಗಿ ಜೀವನಪೂರ್ತಿ ಹಾಗೆಯೇ ಉಳಿಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲೇ ಇದನ್ನು ವಿವರಿಸಿ, ಬಿಗಿ ಕಟ್ಟಿನತ್ತ ಬೊಟ್ಟು ಮಾಡಿದ್ದರು.

ಕಟ್ಟು ಯಾರೇ ಹಾಕಿರಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಿರಲಿ, ನೀವು ಗಮನಿಸಬೇಕಾದುದು ಇಷ್ಟು. ಮಗುವಿನ ಬೆರಳುಗಳು ಬಿಳಿಚಿವೆಯೇ, ತಣ್ಣಗಿವೆಯೇ? ಬೆರಳನ್ನು ಮೆಲ್ಲಗೆ ನೀವು ಬಿಡಿಸಿದಾಗ ಮಗು ಕಿರುಚುತ್ತದೆಯೇ? ನೋವಿನ ಔಷಧ ಕೊಟ್ಟರೂ ಅಳು ನಿಲ್ಲದೆ ಹೆಚ್ಚುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯಬೇಡಿ. ನಂಜನಗೂಡಿನಿಂದ ಮೈಸೂರು ಸುಮಾರು 24 ಕಿಲೋಮೀಟರ್. ನರಸೀಪುರದಿಂದ ಮೂವತ್ತರ ಆಸುಪಾಸು. ಆರು ಗಂಟೆಯ ಲೆಕ್ಕದಲ್ಲಿ ಇದು ದೂರವಲ್ಲ. ಕಾಲ ಕಳೆದುಹೋಗುವುದು ಹೆಚ್ಚಾಗಿ ದಾರಿಯಲ್ಲಲ್ಲ, ಮನೆಯಲ್ಲಿ.

ಇಂಥ ಮಗುವಿಗೆ ಬೇಕಾದದ್ದು ಎರಡು ಕೋನಗಳಿಂದ ತೆಗೆದ ಸಾಧಾರಣ ಎಕ್ಸ್‌ರೇ. ತಾಲ್ಲೂಕು ಆಸ್ಪತ್ರೆಯಲ್ಲೇ ಅದು ಆಗುತ್ತದೆ. ಚಿಕ್ಕ ಮಕ್ಕಳ ಮೊಣಕೈಯ ಬಹುಭಾಗ ಇನ್ನೂ ಮೃದ್ವಸ್ಥಿಯೇ ಆದ್ದರಿಂದ ಫಿಲಂನಲ್ಲಿ ಕಾಣುವುದಿಲ್ಲ. ಕೆಲವೊಮ್ಮೆ ಹೋಲಿಸಿ ನೋಡಲು ವೈದ್ಯರು ಪೆಟ್ಟಾಗದ ಕೈಯ ಚಿತ್ರವನ್ನೂ ಕೇಳುತ್ತಾರೆ. ಸುಮ್ಮನೆ ಖರ್ಚು ಮಾಡಿಸುತ್ತಿದ್ದಾರೆಂದು ತಿಳಿಯಬೇಡಿ. ರಕ್ತಸಂಚಾರ ನೋಡಲು ಡಾಪ್ಲರ್ ಎಂಬ ಶಬ್ದತರಂಗದ ಪರೀಕ್ಷೆ ಇದೆ. ಆದರೆ ಕೈ ತಣ್ಣಗಾಗಿ ಬಿಳಿಚಿದ್ದರೆ ದೊಡ್ಡ ಸ್ಕ್ಯಾನಿಗಾಗಿ ಸರತಿಯಲ್ಲಿ ಕೂರುವುದು ಸಲ್ಲದು. ಮೊದಲು ಮೂಳೆಯನ್ನು ಸ್ವಸ್ಥಾನಕ್ಕೆ ತರಬೇಕು. ಬಹಳಷ್ಟು ಮಕ್ಕಳಲ್ಲಿ ಅಷ್ಟರಿಂದಲೇ ನಾಡಿ ಮರಳುತ್ತದೆ.

ಮೂಳೆಗೂ ರಕ್ತನಾಳಕ್ಕೂ ಇರುವ ನಂಟನ್ನು ತೋರಿಸುವ ಇನ್ನೊಂದು ಕಾಯಿಲೆ ಪರ್ತಿಸ್. ಇದರಲ್ಲಿ ಬಿದ್ದ ನೆನಪೇ ಇರುವುದಿಲ್ಲ. ನಾಲ್ಕರಿಂದ ಎಂಟು ವರ್ಷದ ಮಗು, ಹೆಚ್ಚಾಗಿ ಗಂಡುಮಗು, ಕುಂಟತೊಡಗುತ್ತದೆ. ತೊಡೆಮೂಳೆಯ ತಲೆಗೆ ಹೋಗುವ ರಕ್ತ, ಇನ್ನೂ ಪೂರ್ಣ ತಿಳಿಯದ ಕಾರಣದಿಂದ, ಕಡಿಮೆಯಾಗಿ ಆ ಭಾಗ ಮೆತ್ತಗಾಗುತ್ತದೆ. ವಿಚಿತ್ರವೆಂದರೆ ಮಗು ತೋರಿಸುವುದು ಸೊಂಟವನ್ನಲ್ಲ, ಮಂಡಿಯನ್ನು! ಮಂಡಿಯ ಎಕ್ಸ್‌ರೇ ಸರಿಯಾಗಿರುತ್ತದೆ, ‘ಏನೂ ಇಲ್ಲ, ಬೆಳೆಯುವ ನೋವು’ ಎಂದು ತಿಂಗಳುಗಳು ಉರುಳುತ್ತವೆ. ಮಂಡಿ ನೋವೆಂದು ಕುಂಟುವ ಮಗುವಿನ ಸೊಂಟದ ಕೀಲನ್ನೂ ಪರೀಕ್ಷಿಸುವಂತೆ ನೀವೇ ವೈದ್ಯರನ್ನು ಕೇಳಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಎಂ.ಆರ್.ಐ. ಸ್ಕ್ಯಾನ್ ಇದನ್ನು ಹಿಡಿಯುತ್ತದೆ.

ಮೂಳೆಯೊಳಗೆ ಕೀವಾದಾಗಲೂ ಹೀಗೆಯೇ. ಜ್ವರ, ಕಾಲು ಮುಟ್ಟಗೊಡದಷ್ಟು ನೋವು ಇದ್ದರೂ ಮೊದಲ ಹತ್ತು ದಿನ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಕಾಣಬಹುದು. ಫಿಲಂ ಚೆನ್ನಾಗಿದೆ ಎಂದ ಮಾತ್ರಕ್ಕೆ ಮಗು ಚೆನ್ನಾಗಿದೆ ಎಂದಲ್ಲ. ಇದಕ್ಕೆ ತದ್ವಿರುದ್ಧ ರಿಕೆಟ್ಸ್. ಡಿ ಜೀವಸತ್ವದ ಕೊರತೆಯಿಂದ ಕಾಲು ಬಿಲ್ಲಿನಂತೆ ಬಾಗಿದ ಮಗುವಿನ ಮಣಿಕಟ್ಟಿನ ಒಂದೇ ಒಂದು ಎಕ್ಸ್‌ರೇ ಸಾಕು; ಮೂಳೆಯ ತುದಿ ಬಟ್ಟಲಿನಂತೆ ಅಗಲವಾಗಿ, ಅಂಚು ಸವೆದ ಬಟ್ಟೆಯಂತೆ ಕಾಣುತ್ತದೆ. ಹಸುಗೂಸಿನ ಸೊಂಟದ ಕೀಲು ಜಾರಿದೆಯೇ ಎಂದು ನೋಡಲು ಮೊದಲ ನಾಲ್ಕು ತಿಂಗಳಲ್ಲಿ ಅಲ್ಟ್ರಾಸೌಂಡೇ ಸರಿ.

ಎಕ್ಸ್‌ರೇ ನಮ್ಮ ರಾಜ್ಯದಲ್ಲೇ ಒಂದು ಒಗಟನ್ನು ಬಿಡಿಸಲು ನೆರವಾದದ್ದುಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ, ಎಳೆಯ ವಯಸ್ಸಿನಲ್ಲೇ ಸೊಂಟ, ಮಂಡಿ ಹಿಡಿದು ನಡೆಯಲಾಗದಂತಾಗುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಯ ಏಡಿ, ಕೀಟನಾಶಕಗಳ ಮೇಲೆಲ್ಲ ಗುಮಾನಿ ಹೋಯಿತು. ಕುಟುಂಬ ಕುಟುಂಬಗಳನ್ನೇ ಕೂರಿಸಿ ಎಕ್ಸ್‌ರೇ ತೆಗೆದು ಹೋಲಿಸಿದ ಮೇಲೆ, ಇದು ಮೂಳೆಯ ಬೆಳವಣಿಗೆಯ ದೋಷ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಗುವಿಗೆ ಬರುವಂಥದು ಎಂದು ಸ್ಪಷ್ಟವಾಯಿತು. ಈ ಕ್ಷ-ಕಿರಣ ಅಧ್ಯಯನ 1994ರಲ್ಲಿ ಪ್ರಕಟವಾಗಿದೆ.

ಇನ್ನು ಮೂಳೆಯ ಸಂಬಂಧವಿಲ್ಲದ ರಕ್ತನಾಳದ ಕಾಯಿಲೆಗಳು. ಐದು ದಿನ ದಾಟಿದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಮೈಮೇಲೆ ದದ್ದು: ಇವಿಷ್ಟೂ ಸೇರಿದರೆ ‘ದಡಾರ, ಅಮ್ಮ’ ಎಂದು ಬೇವಿನ ಸೊಪ್ಪು ಕಟ್ಟಿ ಕೂರುವ ಮೊದಲು ಕವಾಸಾಕಿ ಕಾಯಿಲೆಯ ನೆನಪಿರಲಿ. ಜಪಾನಿನ ಮಕ್ಕಳ ವೈದ್ಯ ಕವಾಸಾಕಿ 1967ರಲ್ಲಿ ಇದನ್ನು ವರದಿ ಮಾಡಿದರು. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ರಕ್ತನಾಳ ಗುಳ್ಳೆಯಂತೆ ಉಬ್ಬುತ್ತದೆ. ಹತ್ತು ದಿನದೊಳಗೆ ಔಷಧ ಸಿಕ್ಕರೆ ಈ ಅಪಾಯ ಬಹಳ ತಗ್ಗುತ್ತದೆ. ಇದಕ್ಕೆ ಎಕೋ ಪರೀಕ್ಷೆ ಬೇಕು. ನೋವಿಲ್ಲ, ವಿಕಿರಣವಿಲ್ಲ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಎಕೋ ಸೌಲಭ್ಯವಿದೆ.

ವಿಕಿರಣದ ಭಯದಿಂದ ಎಕ್ಸ್‌ರೇಯೇ ಬೇಡವೆನ್ನುವವರಿದ್ದಾರೆ. ಕೈ, ಕಾಲಿನ ಎಕ್ಸ್‌ರೇಯಲ್ಲಿ ಮಗುವಿಗೆ ತಗಲುವ ವಿಕಿರಣ, ಮಣ್ಣು ಆಕಾಶಗಳಿಂದ ಒಂದೆರಡು ದಿನದಲ್ಲಿ ನಮಗೆಲ್ಲ ತಗಲುವುದಕ್ಕಿಂತ ಹೆಚ್ಚಲ್ಲ. ಸಿ.ಟಿ. ಸ್ಕ್ಯಾನಿನದು ಅದರ ನೂರಾರು ಪಟ್ಟು ಇರಬಹುದು. ಅಗತ್ಯವಿದ್ದಾಗ ಹಿಂಜರಿಯಬಾರದು, ‘ಎಲ್ಲಾ ಒಂದ್ಸಲ ಸ್ಕ್ಯಾನ್ ಮಾಡಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸಲೂಬಾರದು. ಚಿತ್ರ ತೆಗೆಯುವಾಗ ಮಗುವನ್ನು ಹಿಡಿದುಕೊಳ್ಳಲು ಬಸುರಿಯರು ನಿಲ್ಲುವುದು ಬೇಡ. ಮನೆಯ ಬೇರೆ ಯಾರಾದರೂ ಸೀಸದ ಏಪ್ರನ್ ತೊಟ್ಟು ನಿಲ್ಲಲಿ. ಹಳೆಯ ಫಿಲಂಗಳನ್ನು ಸುರುಳಿ ಸುತ್ತಿ ಅಟ್ಟಕ್ಕೆ ಎಸೆಯದೆ, ಅವುಗಳ ಕವರಿನಲ್ಲೇ ಚಪ್ಪಟೆಯಾಗಿಟ್ಟು, ಮುಂದಿನ ಸಲ ಹೋಗುವಾಗ ತಪ್ಪದೆ ಕೊಂಡೊಯ್ಯಿರಿ. ಆರು ತಿಂಗಳ ಹಿಂದಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಮಗುವಿನ ಮೂಳೆ ಕೂಡುತ್ತಿದೆಯೋ ಸವೆಯುತ್ತಿದೆಯೋ ಎಂಬುದು ವೈದ್ಯರಿಗೆ ತಿಳಿಯುವುದು.