ಅಟ್ಟ ಆಮೇಲೆ ಹತ್ತಿದರಾಯಿತು

ಕೇರಳದ ಅಡೂರಿನಂಥ ಅಡಿಕೆ ತೋಟದ ಊರಿನ ಹಳೆಮನೆಗಳಲ್ಲಿ ಅಟ್ಟವೆಂದರೆ ಪುಟ್ಟ ವಸ್ತುಸಂಗ್ರಹಾಲಯ: ತೂತಾದ ಕೊಪ್ಪರಿಗೆ, ಹರಿದ ಗೋಣಿ, ಮುರಿದ ಕೊಡೆ. ಮನೆ ಹಗುರ ಮಾಡಹೊರಟವರು ಏಣಿ ಇಡುವುದೂ ಅಲ್ಲಿಗೇ, ಕೈಚೆಲ್ಲಿ ಇಳಿಯುವುದೂ ಅಲ್ಲಿಂದಲೇ.

ಅಟ್ಟ ಕಾಯಲಿ; ಮೊದಲ ದಿನಕ್ಕೆ ಅಡುಗೆಮನೆಯ ಒಂದು ಡಬ್ಬಿಸಾಲು ಸಾಕು. ಹದಿನೈದು ನಿಮಿಷ.

ತೆಗೆದದ್ದನ್ನು ಹಾಕುವುದೆಲ್ಲಿ? ಕೇರಳದಲ್ಲಿ ಪಂಚಾಯತಿನ ಹರಿತ ಕರ್ಮ ಸೇನೆಯ ಮಹಿಳೆಯರು ಮನೆಬಾಗಿಲಿಗೇ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ. ಅವರು ಬರುವ ದಿನವನ್ನೇ ಗಡುವು ಮಾಡಿಕೊಂಡರೆ ‘ನಾಳೆ ನೋಡುವ’ ಎನ್ನಲು ಜಾಗವಿಲ್ಲ. ಬಟ್ಟೆ, ಪುಸ್ತಕಗಳ ಸರದಿ ಮಳೆಗಾಲಕ್ಕೆ ಮುಂಚೆ ಬರಲಿ. ಮಳೆ ಹಿಡಿದರೆ ಬೂಷ್ಟೂ ಹಿಡಿಯುತ್ತದೆ. ನೆನಪು ಅಂಟಿದ ಅಜ್ಜಿಯ ಎಲೆಅಡಿಕೆ ತಟ್ಟೆಯ ತೀರ್ಮಾನ ಕೊನೆಗಿರಲಿ.

ಎಲ್ಲವೂ ಓರಣವಾಗದಿದ್ದರೆ ಬೇಸರ ಬೇಡ: ಅಚ್ಚುಕಟ್ಟಿಗೆ ಜಗತ್ಪ್ರಸಿದ್ಧರಾದ ಜಪಾನಿನ ಮಾರಿ ಕೊಂಡೊ ಕೂಡ ಮೂರು ಮಕ್ಕಳಾದ ಮೇಲೆ ತಮ್ಮ ಮನೆಯೂ ಹರಡಿಕೊಂಡಿರುತ್ತದೆಂದು 2023ರಲ್ಲಿ ಒಪ್ಪಿಕೊಂಡರು.